ಪೆಟ್ಟಾದ ಮೆದುಳು, ಉಸಿರುಗಟ್ಟಿದ ಮೆದುಳು: ಕಾರಣ ಬದಲಾದರೆ ಚೇತರಿಕೆಯೂ ಬದಲಾಗುತ್ತದೆ

ಐಸಿಯುವಿನಿಂದ ವಾರ್ಡಿಗೆ ಬಂದ ರೋಗಿಯ ಮನೆಯವರು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಎಷ್ಟು ದಿನಕ್ಕೆ ಮೊದಲಿನ ಥರ ಆಗ್ತಾರೆ ಡಾಕ್ಟ್ರೇ?" ಒಂದು ಹಾಸಿಗೆಯಲ್ಲಿ ಬೈಕಿನಿಂದ ಬಿದ್ದ ಹುಡುಗ. ಪಕ್ಕದ ಹಾಸಿಗೆಯಲ್ಲಿ ಹೃದಯ ನಿಂತು ಮತ್ತೆ ಬಡಿಯತೊಡಗಿದ ನಡುವಯಸ್ಸಿನವರು. ಇಬ್ಬರಿಗೂ ಗಂಟಲಲ್ಲಿ ಉಸಿರಾಟಕ್ಕೆ ಕೊರೆದ ತೂತು (ಟ್ರಕಿಯಾಸ್ಟಮಿ), ಮೂಗಿನಲ್ಲಿ ಆಹಾರ ಕೊಡುವ ರೈಲ್ಸ್ ಟ್ಯೂಬ್. ಇಬ್ಬರೂ ಕಣ್ಣು ಬಿಡುತ್ತಾರೆ, ಯಾರನ್ನೂ ನೋಡುವುದಿಲ್ಲ. ಹೊರಗಿನವರಿಗೆ ಎರಡೂ ಒಂದೇ ಕಾಯಿಲೆ. ಎರಡು ಮನೆಯವರೂ ಕಾರಿಡಾರಿನಲ್ಲಿ ಮಾತಾಡಿಕೊಂಡು ಒಬ್ಬರ ಆಸೆಯನ್ನೋ ಭಯವನ್ನೋ ಇನ್ನೊಬ್ಬರು ತಮ್ಮದಾಗಿಸಿಕೊಳ್ಳುತ್ತಾರೆ. ಆ ಹೋಲಿಕೆ ಇಬ್ಬರಿಗೂ ತಪ್ಪು ದಾರಿ ತೋರಿಸುತ್ತದೆ.

1994ರಲ್ಲಿ ಅಮೆರಿಕದ ಹಲವು ವೈದ್ಯ ಸಂಘಗಳ ಜಂಟಿ ತಂಡವೊಂದು, ಒಂದು ತಿಂಗಳು ಕಳೆದರೂ ಕಣ್ಣು ತೆರೆದು ಅರಿವಿಲ್ಲದೆ ಉಳಿದಿದ್ದ ವಯಸ್ಕರ ದಾಖಲೆಗಳನ್ನು ಒಟ್ಟುಗೂಡಿಸಿ ನೋಡಿತು. ತಲೆಗೆ ಪೆಟ್ಟಾಗಿ ಆ ಸ್ಥಿತಿಗೆ ಹೋದವರಲ್ಲಿ ಶೇ 52 ಮಂದಿ ವರ್ಷದೊಳಗೆ ಅರಿವಿಗೆ ಮರಳಿದ್ದರು. ಪೆಟ್ಟಲ್ಲದ ಕಾರಣದವರಲ್ಲಿ, ಅಂದರೆ ಹೃದಯ ನಿಂತವರು, ದೊಡ್ಡ ಸ್ಟ್ರೋಕ್ ಆದವರು ಮೊದಲಾದವರಲ್ಲಿ, ಶೇ 15 ಮಾತ್ರ. ಅವರಲ್ಲೂ ಬಹುಪಾಲು ಮಂದಿ ಎಚ್ಚೆತ್ತದ್ದು ಮೊದಲ ಮೂರು ತಿಂಗಳಲ್ಲೇ. ಈ ಕಾರಣಕ್ಕೇ 'ಇದು ದೀರ್ಘಕಾಲ ಹೀಗೇ ಉಳಿಯಬಹುದು' ಎಂದು ಹೇಳುವ ಗಡುವು ಪೆಟ್ಟಿಗೆ 12 ತಿಂಗಳು, ಪೆಟ್ಟಲ್ಲದ ಕಾರಣಗಳಿಗೆ 3 ತಿಂಗಳು ಎಂದಾಯಿತು. 2018ರ ಅಮೆರಿಕನ್ ಮಾರ್ಗಸೂಚಿ 'ಶಾಶ್ವತ' ಎಂಬ ಮಾತನ್ನು ಬಿಟ್ಟು 'ದೀರ್ಘಕಾಲಿಕ' ಎಂದು ಹೇಳಿತು, ಏಕೆಂದರೆ ಗಡುವಿನ ನಂತರವೂ ಕೆಲವರು ಎಚ್ಚರಗೊಳ್ಳುವುದುಂಟು. ಆದರೆ 3 ಮತ್ತು 12ರ ವ್ಯತ್ಯಾಸವನ್ನು ಹಾಗೇ ಉಳಿಸಿಕೊಂಡಿತು. ಅರಿವಿಗೆ ಬಂದರು ಎಂದರೆ ಎದ್ದು ಕೆಲಸಕ್ಕೆ ಹೋದರು ಎಂದಲ್ಲ. ಆದರೂ ಪೆಟ್ಟಾದ ಹುಡುಗನ ವಿಷಯದಲ್ಲಿ ಎರಡನೇ ತಿಂಗಳಿಗೇ ಕೈಚೆಲ್ಲುವುದು ಅನ್ಯಾಯ. ಇನ್ನೊಬ್ಬರ ವಿಷಯದಲ್ಲಿ ಆರನೇ ತಿಂಗಳಲ್ಲಿ ಮನೆ ಮಾರಿ ಹೊಸ ಆಸ್ಪತ್ರೆ ಹುಡುಕುವ ಮುನ್ನ ನೇರವಾಗಿ ಮಾತಾಡುವುದು ವೈದ್ಯರ ಕರ್ತವ್ಯ.

ಇಷ್ಟು ಅಂತರ ಯಾಕೆ ಎಂಬುದು ಗಾಯ ಆಗುವ ಬಗೆಯಲ್ಲಿದೆ.

ನಮ್ಮ ದೇಶದಲ್ಲಿ ತಲೆಗೆ ಪೆಟ್ಟಾಗಿ ಬರುವವರಲ್ಲಿ ಸುಮಾರು ಶೇ 60ರಷ್ಟು ರಸ್ತೆ ಅಪಘಾತದವರು. ವೇಗವಾಗಿ ಹೋಗುತ್ತಿದ್ದ ತಲೆ ಥಟ್ಟನೆ ನಿಂತಾಗ ಒಳಗಿನ ಮೆದುಳು ನಿಲ್ಲುವುದಿಲ್ಲ. ಅದು ಮುಂದಕ್ಕೆ ಜಾರಿ ಹಣೆಯ ಹಿಂದೆ, ಕಿವಿಯ ಮುಂದಿನ ಒಳಭಾಗದಲ್ಲಿರುವ ಉಬ್ಬುತಗ್ಗಿನ ಮೂಳೆಗೆ ಉಜ್ಜುತ್ತದೆ. ಪೆಟ್ಟು ತಲೆಯ ಹಿಂದೆ ಬಿದ್ದಿದ್ದರೂ ಜಜ್ಜಿದ ಗಾಯ ಫ್ರಾಂಟಲ್, ಟೆಂಪೊರಲ್ ಭಾಗಗಳಲ್ಲೇ ಸಿಗುವುದು ಇದರಿಂದ. ಆ ಭಾಗಗಳು ಸಿಟ್ಟು, ಸಂಯಮ, ಯೋಜನೆ, ನೆನಪುಗಳಿಗೆ ಸಂಬಂಧಪಟ್ಟವು. ಹಾಗಾಗಿ ಅಪಘಾತದ ರೋಗಿ ನಡೆಯುವುದನ್ನು ಬೇಗ ಕಲಿತರೂ ಸ್ವಭಾವ ಬದಲಾಗಿರುತ್ತದೆ. ಇದರ ಜೊತೆಗೆ ತಲೆ ಗಿರ್ರನೆ ತಿರುಗಿದ ರಭಸಕ್ಕೆ ನರತಂತುಗಳು ಎಳೆದುಹೋಗುತ್ತವೆ. ಸಿಟಿ ಸ್ಕ್ಯಾನಿನಲ್ಲಿ ಇದು ಕಾಣದೇ ಇರಬಹುದು. "ಸ್ಕ್ಯಾನ್ ನಾರ್ಮಲ್ ಅಂದ್ರಲ್ಲ, ಮತ್ಯಾಕೆ ಏಳ್ತಿಲ್ಲ?" ಎಂಬ ಗೊಂದಲ ಬಂದಾಗ ಎಂಆರ್‌ಐಯಲ್ಲಿ ಎಸ್‌ಡಬ್ಲ್ಯುಐ ಎಂಬ ಸೀಕ್ವೆನ್ಸ್ ಮಾಡಿದ್ದಾರೆಯೇ ಎಂದು ಕೇಳಬೇಕು. ಸಾಸಿವೆಗಿಂತ ಚಿಕ್ಕ ರಕ್ತದ ಚುಕ್ಕೆಗಳೂ ಅದರಲ್ಲಿ ಕಾಣುತ್ತವೆ. ಎಳೆದ ತಂತುಗಳೆಲ್ಲ ಕಡಿದಿರುವುದಿಲ್ಲ. ಜೀವಕೋಶ ಬದುಕಿದ್ದು ಸಂಪರ್ಕ ಮಾತ್ರ ಕೆಟ್ಟಿರುವ ಭಾಗ ತಿಂಗಳುಗಟ್ಟಲೆ ನಿಧಾನವಾಗಿ ಸುಧಾರಿಸುತ್ತದೆ. ವರ್ಷವಿಡೀ ಕಾಯುವುದಕ್ಕೆ ಇರುವ ಆಧಾರ ಇದು.

ಪೆಟ್ಟಿನೊಳಗೂ ಬೇರೆ ಬೇರೆ ಬಗೆಗಳಿವೆ. ತಲೆಬುರುಡೆಗೂ ಮೆದುಳಿನ ಹೊದಿಕೆಗೂ ನಡುವೆ ರಕ್ತ ಕಟ್ಟುವ ಎಕ್ಸ್‌ಟ್ರಾಡ್ಯೂರಲ್‌ನಲ್ಲಿ ರೋಗಿ ಬಿದ್ದ ಮೇಲೆ ಎದ್ದು ಮಾತಾಡಿ, ಕೆಲವು ಗಂಟೆಗಳಲ್ಲಿ ಪ್ರಜ್ಞೆ ತಪ್ಪಬಹುದು. ಹೊತ್ತಿಗೆ ಸರಿಯಾಗಿ ಆ ರಕ್ತ ತೆಗೆದರೆ ಅವರಷ್ಟು ಚೆನ್ನಾಗಿ ಚೇತರಿಸಿಕೊಳ್ಳುವವರು ಕಡಿಮೆ, ಏಕೆಂದರೆ ಒತ್ತಡ ಬಿದ್ದಿದ್ದು ಬಿಟ್ಟರೆ ಮೆದುಳು ಬಹುಪಾಲು ಸ್ವಸ್ಥವಾಗಿರುತ್ತದೆ. ಇನ್ನು ವಯಸ್ಸಾದವರು ಬಚ್ಚಲಲ್ಲಿ ಜಾರಿದ್ದು, ಬಾಗಿಲಿಗೆ ತಲೆ ತಾಗಿದ್ದು ಯಾರಿಗೂ ನೆನಪೇ ಇರುವುದಿಲ್ಲ. ಮೂರು ನಾಲ್ಕು ವಾರದ ನಂತರ ಅಜ್ಜ ಮಂಕಾಗುತ್ತಾರೆ, ಕಾಲೆಳೆಯುತ್ತಾರೆ, ಕೂತಲ್ಲೇ ಮೂತ್ರ ಹೋಗುತ್ತದೆ. ಮನೆಯಲ್ಲಿ "ವಯಸ್ಸಾಯ್ತು, ಅರಳುಮರಳು" ಎನ್ನುತ್ತಾರೆ. ಅದು ಮೆದುಳಿನ ಹೊದಿಕೆಯ ಕೆಳಗೆ ನಿಧಾನಕ್ಕೆ ರಕ್ತ ಸೇರುವ ಕ್ರಾನಿಕ್ ಸಬ್‌ಡ್ಯೂರಲ್ ಆಗಿದ್ದರೆ ತಲೆಬುರುಡೆಯಲ್ಲಿ ಒಂದೆರಡು ತೂತು ಕೊರೆದು ಹಳೆ ರಕ್ತ ಹೊರತೆಗೆದಾಗ ಕೆಲವೇ ದಿನಗಳಲ್ಲಿ ಮೊದಲಿನವರಾಗಬಹುದು. ಅದು ಮತ್ತೆ ತುಂಬಿಕೊಳ್ಳುವುದೂ ಇದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಲ್ಲಂತೂ ಮೊದಲ ಎರಡು ಮೂರು ತಿಂಗಳು ಕಣ್ಣಿಟ್ಟಿರಬೇಕು.

ಆಮ್ಲಜನಕ ನಿಂತಾಗ

ಹೃದಯ ನಿಂತಾಗ, ಕೆರೆಯಲ್ಲಿ ಮುಳುಗಿದಾಗ, ಉಸಿರಾಟ ಕಟ್ಟಿದಾಗ ನಾಲ್ಕೈದು ನಿಮಿಷಗಳಲ್ಲಿ ಮೆದುಳಿನ ಜೀವಕೋಶಗಳು ಸಾಯತೊಡಗುತ್ತವೆ. ಎಲ್ಲವೂ ಸಮನಾಗಿ ಸಾಯುವುದಿಲ್ಲ. ಹೊಸ ನೆನಪು ಕೂಡಿಡುವ ಹಿಪೊಕ್ಯಾಂಪಸ್, ಚಲನೆಯನ್ನು ಹದಗೊಳಿಸುವ ಬೇಸಲ್ ಗ್ಯಾಂಗ್ಲಿಯಾ, ಸಮತೋಲ ಕಾಯುವ ಸೆರೆಬೆಲ್ಲಂ ಮೊದಲು ಕೆಡುತ್ತವೆ. ಎರಡು ರಕ್ತನಾಳಗಳ ಸರಹದ್ದಿನಲ್ಲಿರುವ ಭಾಗವೂ ಹಾಗೆಯೇ: ಕಾಲುವೆಯಲ್ಲಿ ನೀರು ಕಡಿಮೆಯಾದಾಗ ಕೊನೆಯ ಗದ್ದೆ ಮೊದಲು ಒಣಗಿದಂತೆ, ರಕ್ತದೊತ್ತಡ ಕುಸಿದಾಗ ಅದೇ ಮೊದಲು ಬಾಡುತ್ತದೆ. ಅಂಥವರು ನಡೆಯುತ್ತಾರೆ, ಆದರೆ ಎರಡೂ ತೋಳು ಎತ್ತಲಾಗುವುದಿಲ್ಲ. ಅಥವಾ ಕಣ್ಣು ಪರೀಕ್ಷೆಯಲ್ಲಿ ಎಲ್ಲ ಸರಿಯಿದ್ದು, ಎದುರಿಗಿಟ್ಟ ತಟ್ಟೆ ಕಾಣುವುದಿಲ್ಲ. ಹಾನಿ ಎರಡೂ ಬದಿಯಲ್ಲಿ ಇರುವುದರಿಂದ, ಸ್ಟ್ರೋಕಿನಲ್ಲಿ ಆಗುವಂತೆ ಒಳ್ಳೆಯ ಬದಿ ಕೆಟ್ಟ ಬದಿಯ ಕೆಲಸವನ್ನು ವಹಿಸಿಕೊಳ್ಳುವ ಅವಕಾಶ ಕಡಿಮೆ. ಚೇತರಿಕೆ ಮಿತವಾಗಿರುವುದಕ್ಕೆ ಮುಖ್ಯ ಕಾರಣ ಇದೇ.

ಮೊದಲ ದಿನಗಳಲ್ಲಿ ಯಾರಾದರೂ "ಹೋಪ್ ಇಲ್ಲ" ಅಂದರೆ ಆ ಮಾತನ್ನು ಒಪ್ಪಿಕೊಳ್ಳುವ ಅಗತ್ಯವಿಲ್ಲ. ಹೃದಯ ಮತ್ತೆ ಬಡಿದ ಮೇಲೆ ಕನಿಷ್ಠ 72 ಗಂಟೆ ಕಳೆಯಬೇಕು. ದೇಹ ತಣ್ಣಗಿಟ್ಟಿದ್ದರೆ, ಮಂಪರಿನ ಔಷಧಿ ಕೊಟ್ಟಿದ್ದರೆ ಇನ್ನೂ ಹೆಚ್ಚು. ಆಮೇಲೂ ಒಂದೇ ಪರೀಕ್ಷೆಯ ಮೇಲೆ ತೀರ್ಮಾನಿಸಬಾರದು. ಕಣ್ಣಿನ ಪಾಪೆ ಬೆಳಕಿಗೆ ಕುಗ್ಗುತ್ತದೆಯೇ, ಕಾರ್ನಿಯಾ ಮುಟ್ಟಿದರೆ ರೆಪ್ಪೆ ಮುಚ್ಚುತ್ತದೆಯೇ, ಮೆದುಳಿನ ವಿದ್ಯುತ್ ಅಲೆಗಳ ಇಇಜಿ ಹೇಗಿದೆ, ಎಂಆರ್‌ಐ ಏನು ಹೇಳುತ್ತದೆ, ಕೈಯ ನರಕ್ಕೆ ಕೊಟ್ಟ ಸಂಕೇತ ಮೆದುಳಿಗೆ ಮುಟ್ಟುತ್ತದೆಯೇ ಎಂಬುದೆಲ್ಲ ಒಂದೇ ದಿಕ್ಕಿಗೆ ಬೆರಳು ತೋರಿಸಬೇಕು.

ಇಲ್ಲಿ ಒಂದು ಅಪವಾದ ಹಳ್ಳಿ ಕಡೆಯವರಿಗೆ ಗೊತ್ತಿರಲೇಬೇಕು. ನಾಗರಹಾವು, ಕಟ್ಟುಹಾವಿನ ವಿಷ ಸ್ನಾಯುಗಳನ್ನು ಕಟ್ಟಿಹಾಕುತ್ತದೆ. ರೋಗಿ ರೆಪ್ಪೆ ಎತ್ತುವುದಿಲ್ಲ, ಉಸಿರಾಡುವುದಿಲ್ಲ, ಪಾಪೆಯೂ ಅಲುಗದಿರಬಹುದು. ನೋಡಿದರೆ ಮೆದುಳೇ ಸತ್ತಂತೆ ಕಾಣುತ್ತದೆ. ಆದರೆ ಉಸಿರು ನಿಲ್ಲುವ ಮುನ್ನವೇ ವೆಂಟಿಲೇಟರ್ ಸಿಕ್ಕಿದ್ದರೆ ಮೆದುಳಿಗೆ ಏನೂ ಆಗಿರುವುದಿಲ್ಲ, ವಿಷ ಇಳಿದಂತೆ ಮನುಷ್ಯ ಪೂರ್ತಿ ಎದ್ದುಬರುತ್ತಾನೆ. ಕಾರಣ ಗೊತ್ತಿಲ್ಲದೆ ಲಕ್ಷಣ ಮಾತ್ರ ನೋಡಿ ತೀರ್ಪು ಕೊಟ್ಟರೆ ಜೀವವೇ ಹೋಗುವ ಸಂದರ್ಭ ಇದು. ಅಂಥ ರೋಗಿಗೆ ಎಲ್ಲ ಕೇಳಿಸುತ್ತಿರಬಹುದು, ಹಾಸಿಗೆಯ ಪಕ್ಕ ಮಾತಾಡುವಾಗ ಅದು ನೆನಪಿರಲಿ.

ಗಾಳಿಯಾಡದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚಿ ಕಾರ್ಬನ್ ಮಾನಾಕ್ಸೈಡ್ ಕುಡಿದವರದು ಇನ್ನೊಂದು ಬಗೆ. ಎರಡು ದಿನಕ್ಕೆ ಎಚ್ಚರವಾಗಿ, ನಗುತ್ತ ಮನೆಗೆ ಹೋಗುತ್ತಾರೆ. ಎರಡರಿಂದ ಆರು ವಾರದೊಳಗೆ ಕೆಲವರು ಮತ್ತೆ ಮಂಕಾಗುತ್ತಾರೆ, ನಡಿಗೆ ಬಿಗಿಯುತ್ತದೆ, ಮೂತ್ರದ ಹಿಡಿತ ತಪ್ಪುತ್ತದೆ. ಮೆದುಳಿನ ಬಿಳಿಭಾಗ ತಡವಾಗಿ ಕೆಡುವುದರಿಂದ ಹೀಗಾಗುತ್ತದೆ. ಇವರಲ್ಲಿ ಹಲವರು ತಿಂಗಳುಗಳಲ್ಲಿ ಸುಧಾರಿಸುತ್ತಾರೆ, ಆದ್ದರಿಂದ 'ಮಾನಸಿಕ' ಎಂದು ಬದಿಗೆ ಸರಿಸಬಾರದು.

ಉಸಿರುಗಟ್ಟಿದವರಲ್ಲಿ ಎಚ್ಚರವಾದ ಮೇಲೆ ಕಾಣುವ ಒಂದು ತೊಂದರೆಯನ್ನು ನಮ್ಮಲ್ಲಿ ಪದೇಪದೇ ಫಿಟ್ಸ್ ಎಂದು ತಪ್ಪು ತಿಳಿಯುತ್ತಾರೆ. ಸುಮ್ಮನೆ ಕೂತಿದ್ದಾಗ ಕೈ ಶಾಂತವಾಗಿರುತ್ತದೆ. ಲೋಟ ಎತ್ತಲು ಹೋದ ಕೂಡಲೇ ಜರ್ರನೆ ಚಿಮ್ಮಿ ನೀರು ಚೆಲ್ಲುತ್ತದೆ. ನಿಂತರೆ ಮೊಣಕಾಲು ಕ್ಷಣಕಾಲ ಕಳಚಿದಂತಾಗಿ ಬೀಳುತ್ತಾರೆ. ಮಾತು, ತಿಳಿವಳಿಕೆ ಎಷ್ಟೋ ಸಲ ಚೆನ್ನಾಗೇ ಇರುತ್ತದೆ. 1963ರಲ್ಲಿ ಲ್ಯಾನ್ಸ್ ಮತ್ತು ಆಡಮ್ಸ್ ಎಂಬ ವೈದ್ಯರು ವಿವರಿಸಿದ ಸ್ಥಿತಿ ಇದು. ಮಾಮೂಲಿ ಫೆನಿಟೋಯಿನ್ ಏರಿಸುತ್ತ ಹೋದರೆ ಪ್ರಯೋಜನ ಕಡಿಮೆ. ಕ್ಲೊನಾಜೆಪಾಮ್, ವಾಲ್ಪ್ರೊಯೇಟ್, ಲೆವೆಟಿರಾಸಿಟಾಮ್ ಕೆಲಸ ಮಾಡುತ್ತವೆ. ಲೋಟದ ಬದಲು ಮುಚ್ಚಳವಿರುವ ಭಾರವಾದ ಸ್ಟೀಲ್ ಕಪ್, ಮೊಣಕೈ ಊರಲು ಎತ್ತರದ ಮೇಜು ಕೊಟ್ಟರೆ ತಾವೇ ಕುಡಿಯಬಲ್ಲರು.

ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಊಟ ಬಿಟ್ಟು, ರಕ್ತದ ಸಕ್ಕರೆ ಇಳಿದು ರಾತ್ರಿಯಿಡೀ ಎಚ್ಚರ ತಪ್ಪಿ ಬಿದ್ದವರ ಹಾನಿಯೂ ಹೊರನೋಟಕ್ಕೆ ಉಸಿರುಗಟ್ಟಿದವರ ಹಾನಿಯಂತೆಯೇ. ಬೇಗ ಗ್ಲೂಕೋಸ್ ಸಿಕ್ಕಿದರೆ ಪೂರ್ತಿ ಮರಳುತ್ತಾರೆ, ಗಂಟೆಗಟ್ಟಲೆ ತಡವಾದರೆ ನೆನಪು ಹೋಗುತ್ತದೆ.

ಸ್ಟ್ರೋಕ್, ಬಾಣಂತಿ, ಸೋಂಕು

ಸ್ಟ್ರೋಕಿನ ಬಗ್ಗೆ ಈಗ ಸಾಕಷ್ಟು ಜನರಿಗೆ ತಿಳಿದಿದೆ, ಹಾಗಾಗಿ ಚಿಕ್ಕದಾಗಿ ಹೇಳುತ್ತೇವೆ. ಒಂದು ರಕ್ತನಾಳದ ವ್ಯಾಪ್ತಿಯಲ್ಲಷ್ಟೇ ಹಾನಿ ಆಗುವುದರಿಂದ ಏನು ಹೋಗಿದೆ, ಏನು ಉಳಿದಿದೆ ಎಂಬುದು ಮೊದಲ ವಾರದಲ್ಲೇ ಗೊತ್ತಾಗುತ್ತದೆ. ಕೈಕಾಲಿನ ಚಲನೆ ಬಹುಪಾಲು ಮರಳುವುದು ಮೊದಲ 3ರಿಂದ 6 ತಿಂಗಳಲ್ಲಿ. ಮಾತು ಅದಕ್ಕಿಂತ ಹೆಚ್ಚು ಕಾಲ ಸುಧಾರಿಸುತ್ತ ಹೋಗುತ್ತದೆ. ಹೆಪ್ಪುಗಟ್ಟಿ ಆದ ಸ್ಟ್ರೋಕಿಗಿಂತ ರಕ್ತಸ್ರಾವದ ಸ್ಟ್ರೋಕ್ ಮೊದಲ ವಾರಗಳಲ್ಲಿ ಹೆಚ್ಚು ಜೀವ ತೆಗೆಯುತ್ತದೆ. ಆದರೆ ಬದುಕುಳಿದವರಲ್ಲಿ ರಕ್ತ ಕರಗುತ್ತ ಒತ್ತಡ ಇಳಿದಂತೆ ನಿರೀಕ್ಷೆ ಮೀರಿ ಸುಧಾರಣೆ ಬರುವುದುಂಟು. ರಕ್ತನಾಳದ ಉಬ್ಬು ಒಡೆದು ಮೆದುಳಿನ ಸುತ್ತ ರಕ್ತ ಹರಡಿದ್ದರೆ ಅಪಾಯ ಆಪರೇಷನ್ನಿಗೆ ಮುಗಿಯುವುದಿಲ್ಲ. 4ರಿಂದ 14ನೇ ದಿನದವರೆಗೆ ಉಳಿದ ರಕ್ತನಾಳಗಳು ಬಿಗಿದುಕೊಂಡು ಎರಡನೇ ಸ್ಟ್ರೋಕ್ ಆಗಬಹುದು. ನಿಮೋಡಿಪಿನ್ 60 ಮಿಲಿಗ್ರಾಂ ನಾಲ್ಕು ಗಂಟೆಗೊಮ್ಮೆ 21 ದಿನ ಕೊಡುವುದು ಇದಕ್ಕೇ. ರಾತ್ರಿ ಎಬ್ಬಿಸಿ ಕೊಡಬೇಕಾದ ಮಾತ್ರೆ ಅದು, "ಮಲಗಿದ್ದಾರೆ ಪಾಪ" ಎಂದು ತಪ್ಪಿಸಬಾರದು.

ಬಾಣಂತಿಯರ ವಿಷಯ ಬೇರೆ. ಹೆರಿಗೆಯಾದ ಎರಡು ಮೂರು ವಾರದೊಳಗೆ ವಿಪರೀತ ತಲೆನೋವು, ವಾಂತಿ, ಫಿಟ್ಸ್, ಒಂದು ಕೈ ಸೋತುಹೋಗುವುದು: ಇದು ಮೆದುಳಿನಿಂದ ರಕ್ತ ಹೊರಗೊಯ್ಯುವ ಅಭಿಧಮನಿಗಳಲ್ಲಿ ಹೆಪ್ಪುಗಟ್ಟಿದ್ದಿರಬಹುದು. ಹೆರಿಗೆಯ ನಂತರ ರಕ್ತ ತಾನಾಗೇ ಗಟ್ಟಿಯಾಗಿರುತ್ತದೆ. ಅದರ ಮೇಲೆ "ನೀರು ಕುಡಿದರೆ ಹೊಟ್ಟೆ ಬರುತ್ತೆ, ನಂಜಾಗುತ್ತೆ" ಎಂದು ನೀರು ಬಿಡಿಸಿ, ಬೆಚ್ಚಗಿನ ಕೋಣೆಯಲ್ಲಿ ಬೆವರಿಸುವ ಪದ್ಧತಿ ಅಪಾಯ ಹೆಚ್ಚಿಸುತ್ತದೆ. ನಮ್ಮ ಅಜ್ಜಿಯರ ಬಾಣಂತನದಲ್ಲಿ ಎಷ್ಟೋ ಒಳ್ಳೆಯದಿದೆ, ನೀರು ನಿಲ್ಲಿಸುವುದೊಂದು ಮಾತ್ರ ಬಿಡಲೇಬೇಕು. ಮನಸ್ಸಿಗೆ ಸಮಾಧಾನ ಕೊಡುವ ಸಂಗತಿಯೆಂದರೆ, ಬೇಗ ಗುರುತಿಸಿ ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್ ಶುರು ಮಾಡಿದರೆ ಇವರಲ್ಲಿ ಬಹುಪಾಲು ಹೆಣ್ಣುಮಕ್ಕಳು ತಮ್ಮ ಕೆಲಸ ತಾವು ಮಾಡಿಕೊಳ್ಳುವಷ್ಟು ಚೇತರಿಸಿಕೊಳ್ಳುತ್ತಾರೆ. ಸ್ಕ್ಯಾನಿನಲ್ಲಿ ದೊಡ್ಡ ರಕ್ತಸ್ರಾವ ಕಂಡರೂ ಧೈರ್ಯಗೆಡಬಾರದು. ಅಪಧಮನಿಯ ಸ್ಟ್ರೋಕಿನ ಲೆಕ್ಕ ಇಲ್ಲಿ ಹೊಂದುವುದಿಲ್ಲ.

ಸೋಂಕುಗಳಲ್ಲಿ ಯಾವ ರೋಗಾಣು ಎಂಬುದೇ ಎಲ್ಲ. ಹರ್ಪಿಸ್ ವೈರಸ್ ಟೆಂಪೊರಲ್ ಭಾಗದ ಒಳಮೈಯನ್ನು ಹುಡುಕಿಕೊಂಡು ಹೋಗುತ್ತದೆ. ಔಷಧಿ ಕೊಡದಿದ್ದರೆ ಸುಮಾರು ಶೇ 70 ಮಂದಿ ಸಾಯುತ್ತಾರೆ. ಏಸೈಕ್ಲೋವಿರ್ ಅನ್ನು ಕೆಜಿಗೆ 10 ಮಿಲಿಗ್ರಾಂನಂತೆ ಎಂಟು ಗಂಟೆಗೊಮ್ಮೆ 14ರಿಂದ 21 ದಿನ ರಕ್ತನಾಳಕ್ಕೇ ಕೊಡಬೇಕು. ಜ್ವರ ಬಿಟ್ಟಿತೆಂದು ಐದನೇ ದಿನಕ್ಕೆ ಮಾತ್ರೆಗೆ ಬದಲಿಸುವಂತಿಲ್ಲ. ಉಳಿದವರಿಗೆ ಕೈಕಾಲು ಚೆನ್ನಾಗಿದ್ದು, ಬೆಳಿಗ್ಗೆ ತಿಂದ ತಿಂಡಿ ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಎರಡು ಮೂರು ತಿಂಗಳೊಳಗೆ ಮತ್ತೆ ವಿಚಿತ್ರ ವರ್ತನೆ, ಕೈಬಾಯಿ ಚಲನೆ ಶುರುವಾದರೆ ವೈರಸ್ ಮರಳಿತೆಂದೇ ಅಂದುಕೊಳ್ಳಬಾರದು. ದೇಹದ ಪ್ರತಿಕಾಯಗಳೇ ಮೆದುಳಿನ ಎನ್‌ಎಂಡಿಎ ಗ್ರಾಹಕಗಳ ಮೇಲೆ ಬಿದ್ದಿರಬಹುದು, ಅದರ ಚಿಕಿತ್ಸೆಯೇ ಬೇರೆ. ಈ ಪ್ರತಿಕಾಯದ ಕಾಯಿಲೆ ತಾನಾಗಿಯೂ ಬರುತ್ತದೆ, ಹೆಚ್ಚಾಗಿ ಎಳೆವಯಸ್ಸಿನ ಹೆಣ್ಣುಮಕ್ಕಳಲ್ಲಿ. ಮೈಮೇಲೆ ಬಂದಂತೆ ಕಾಣುವುದರಿಂದ ದೇವಸ್ಥಾನ, ಮಂತ್ರವಾದಿ ಎಂದು ವಾರಗಳು ಕಳೆದುಹೋಗುತ್ತವೆ. ತಿಂಗಳುಗಟ್ಟಲೆ ಐಸಿಯುವಿನಲ್ಲಿದ್ದವರೂ ಎರಡು ವರ್ಷದೊಳಗೆ ಕಾಲೇಜಿಗೆ ಮರಳುವ ಕಾಯಿಲೆ ಇದು. ದೀರ್ಘ ಕಾಯುವಿಕೆಗೆ ಇಷ್ಟು ಫಲ ಕೊಡುವ ಕಾರಣ ಇನ್ನೊಂದಿಲ್ಲ.

ಜಪಾನೀಸ್ ಎನ್ಸೆಫಲೈಟಿಸ್ ಥಲಾಮಸ್, ಬೇಸಲ್ ಗ್ಯಾಂಗ್ಲಿಯಾಗಳನ್ನು ಹಿಡಿಯುವುದರಿಂದ ಮಕ್ಕಳ ಮುಖ ಮರಗಟ್ಟಿ, ಮೈ ಬಿಗಿದು, ಕತ್ತು ತಿರುಚುತ್ತದೆ. ಬಿಗಿತ ತಿಂಗಳುಗಳಲ್ಲಿ ಸಡಿಲವಾಗಬಹುದು, ಕಲಿಕೆಯ ತೊಂದರೆ ಉಳಿಯುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯಲ್ಲಿ ಕೆಲವರಿಗೆ ಮೂರನೇ ವಾರ ಮತ್ತೆ ಜ್ವರ ಬಂದು ತಲೆನೋವು, ನಡುಕ, ತಲೆಸುತ್ತು ಕಾಣಿಸುತ್ತದೆ. ಅದು ಹೆಚ್ಚಿನವರಲ್ಲಿ ಪೂರ್ತಿ ಇಳಿದುಹೋಗುತ್ತದೆ. ಟಿಬಿ ಮೆನಿಂಜೈಟಿಸ್‌ನಲ್ಲಿ ರಕ್ತನಾಳ ಮುಚ್ಚುವುದು, ನೀರು ತುಂಬುವುದು ಎರಡೂ ಆಗುತ್ತದೆ, ಚಿಕಿತ್ಸೆ 9ರಿಂದ 12 ತಿಂಗಳು.

ಕಾರಣ ಬದಲಾದರೆ ಔಷಧಿಯೂ ತಿರುವುಮುರುವಾಗುತ್ತದೆ ಎನ್ನುವುದಕ್ಕೆ ಸ್ಟೀರಾಯ್ಡ್ ಸಾಕ್ಷಿ. ಟಿಬಿ ಮೆನಿಂಜೈಟಿಸ್‌ನಲ್ಲಿ ಅದು ಜೀವ ಉಳಿಸುತ್ತದೆ. ತಲೆಗೆ ಪೆಟ್ಟಾದ ಹತ್ತು ಸಾವಿರ ಜನರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಕ್ರ್ಯಾಶ್ ಅಧ್ಯಯನದಲ್ಲಿ ಸ್ಟೀರಾಯ್ಡ್ ಪಡೆದವರೇ ಹೆಚ್ಚು ಸತ್ತಿದ್ದರು. ಅಮಾಂಟಡಿನ್ ಮಾತ್ರೆ ನಿಧಾನ ಎಚ್ಚರವಾಗುತ್ತಿರುವವರ ಸುಧಾರಣೆಯನ್ನು ಚುರುಕಾಗಿಸಿತೆಂದು 2012ರ ಪ್ರಯೋಗ ತೋರಿಸಿತು. ಅದರಲ್ಲಿದ್ದವರು ಪೆಟ್ಟಾಗಿ 4ರಿಂದ 16 ವಾರದೊಳಗಿನವರು. ಉಸಿರುಗಟ್ಟಿದವರಿಗೂ ಅಷ್ಟೇ ಫಲ ಸಿಗುತ್ತದೆ ಎಂದು ಅದರಿಂದ ಹೇಳಲಾಗದು.

ಅರಿವು ಬಂದಿದೆಯೇ ಎಂದು ನೋಡುವುದು

ಕಾರಣ ಯಾವುದೇ ಇರಲಿ, ಎರಡನೇ ವಾರದಿಂದ ಈ ಕೆಲಸ ಶುರು. ಬರಿಗಣ್ಣಿನ ಅಂದಾಜಿನಲ್ಲಿ 'ಅರಿವಿಲ್ಲ' ಎಂದು ಬರೆದವರಲ್ಲಿ ಸುಮಾರು ಶೇ 40 ಮಂದಿಗೆ ಅರಿವಿನ ಕುರುಹು ಇತ್ತೆಂದು ಕ್ರಮಬದ್ಧ ಪರೀಕ್ಷೆಯಿಂದ ಗೊತ್ತಾಗಿದೆ. ಹಾಗಾಗಿ ಒಂದು ಸಲ ನೋಡಿ ಬಿಡುವುದಲ್ಲ, ಎರಡು ವಾರದಲ್ಲಿ ಕನಿಷ್ಠ ಐದು ಸಲ, ಬೇರೆ ಬೇರೆ ಹೊತ್ತಿನಲ್ಲಿ.

ನಮಗೆ ಹೆಚ್ಚು ಉಪಯೋಗಕ್ಕೆ ಬರುವ ಸಾಧನ ಅಂಗೈ ಅಗಲದ ಕನ್ನಡಿ. ರೋಗಿಯನ್ನು ಕೂರಿಸಿ, ತಲೆಗೆ ಆಸರೆ ಕೊಟ್ಟು, ಟಿವಿ ಆರಿಸಿ, ಮೊದಲು ಮೈಯುಜ್ಜಿ ಎಚ್ಚರಿಸಬೇಕು. ಕನ್ನಡಿಯನ್ನು ಮುಖದಿಂದ 10–15 ಸೆಂಟಿಮೀಟರ್ ದೂರ ಹಿಡಿದು, ಅವರ ಮುಖ ಅವರಿಗೇ ಕಾಣುವಂತೆ ಮಾಡಿ, ನಿಧಾನಕ್ಕೆ ಬಲಕ್ಕೆ, ಎಡಕ್ಕೆ, ಮೇಲೆ, ಕೆಳಗೆ ಸರಿಸಬೇಕು. ಕಣ್ಣು ತಡವರಿಸದೆ ಅದನ್ನು ಹಿಂಬಾಲಿಸಿತೋ, ಅರಿವಿನ ಮೊದಲ ಎಳೆ ಸಿಕ್ಕಿತೆಂದು. ಬೆರಳನ್ನೋ ಟಾರ್ಚನ್ನೋ ಹಿಂಬಾಲಿಸದ ಕಣ್ಣು ತನ್ನದೇ ಮುಖವನ್ನು ಹಿಂಬಾಲಿಸುವುದನ್ನು ನಾವು ಮತ್ತೆ ಮತ್ತೆ ನೋಡುತ್ತೇವೆ. ಉಸಿರುಗಟ್ಟಿದವರಲ್ಲಿ ದೃಷ್ಟಿಯ ಭಾಗವೇ ಕೆಟ್ಟಿರಬಹುದು. ಅವರಿಗೆ ಕನ್ನಡಿ ಸಾಲದು, ಹೆಸರು ಕರೆದಾಗ ಮುಖ ತಿರುಗುತ್ತದೆಯೇ, "ಕೈ ಹಿಡ್ಕೊಳ್ಳಿ" ಎಂದಾಗಲೂ "ಬಿಡಿ" ಎಂದಾಗಲೂ ಎರಡನ್ನೂ ಮಾಡುತ್ತಾರೆಯೇ ಎಂದು ನೋಡಬೇಕು. ಹಿಡಿಯುವುದು ಒಂದೇ ಸಾಕ್ಷಿಯಲ್ಲ, ಮುಟ್ಟಿದ್ದನ್ನು ಹಿಡಿಯುವುದು ಬರೀ ಪ್ರತಿಕ್ರಿಯೆಯೂ ಆಗಬಹುದು. ಬಿಡುವುದು ಮುಖ್ಯ.

ಪ್ರಜ್ಞೆಯ ಮಟ್ಟ ಅಳೆಯುವ ಅಂಕಪಟ್ಟಿಯಾದ ಜಿಸಿಎಸ್ ಬಗ್ಗೆಯೂ ಒಂದು ಮಾತು. ಮೊತ್ತ ಕೇಳಿದರೆ ಸಾಲದು, ಕಣ್ಣು, ಮಾತು, ಚಲನೆ ಮೂರನ್ನೂ ಬಿಡಿಬಿಡಿಯಾಗಿ ಕೇಳಿ. ಟ್ರಕಿಯಾಸ್ಟಮಿ ಇದ್ದಾಗ ಮಾತಿನ ಅಂಕ ಸಿಗುವುದೇ ಇಲ್ಲ. ಚಲನೆಯ ಅಂಕ 5ರಿಂದ 6ಕ್ಕೆ ಏರುವುದು, ಅಂದರೆ ನೋವಿನ ಜಾಗ ಹುಡುಕುವ ಕೈ ಹೇಳಿದ ಮಾತು ಕೇಳತೊಡಗುವುದು, ದೊಡ್ಡ ದಾಟು.

ಪೆಟ್ಟಾದವರು ಎಚ್ಚರವಾದ ಮೇಲೆ ಒಂದು ಗದ್ದಲದ ಹಂತ ಬರುತ್ತದೆ. ಟ್ಯೂಬ್ ಕೀಳುತ್ತಾರೆ, ಬೈಯುತ್ತಾರೆ, ಹೊಡೆಯಲು ಬರುತ್ತಾರೆ, ಮರುದಿನ ಯಾವುದೂ ನೆನಪಿರುವುದಿಲ್ಲ. ಇದು ಕೆಡುಕಲ್ಲ, ಮೇಲೇರುವ ದಾರಿಯ ಒಂದು ಮೆಟ್ಟಿಲು. ದಿನದಿಂದ ದಿನಕ್ಕೆ ನೆನಪು ನಿಲ್ಲುವವರೆಗಿನ ಅವಧಿ ಎಷ್ಟೆಂದು ಬರೆದಿಡಿ. ಒಂದು ವಾರ ಮೀರಿದರೆ ಪೆಟ್ಟು ಬಹಳ ತೀವ್ರ ಎಂದರ್ಥ, ಮುಂದಿನ ಕೆಲಸ–ಓದಿನ ಅಂದಾಜಿಗೆ ಮೊದಲ ದಿನದ ಜಿಸಿಎಸ್‌ಗಿಂತ ಈ ಲೆಕ್ಕ ಹೆಚ್ಚು ನೆರವಾಗುತ್ತದೆ. ಈ ಹಂತದಲ್ಲಿ ಹ್ಯಾಲೊಪೆರಿಡಾಲ್‌ನಂಥ ಔಷಧಿ ದಿನಾ ಕೊಟ್ಟು ಮಲಗಿಸುವುದು ಚೇತರಿಕೆಯನ್ನು ಹಿಂದಕ್ಕೆಳೆಯಬಹುದು. ಬೇಕಾದ್ದು ಶಾಂತ ಕೋಣೆ, ಸರದಿಯಲ್ಲಿ ಇಬ್ಬರೇ ಮನೆಯವರು, ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ದಿನ–ಜಾಗ. ನೋಡಲು ಬಂದ ಸೋದರಮಾವ, ಚಿಕ್ಕಮ್ಮ ಎಲ್ಲರೂ ಹಾಸಿಗೆ ಸುತ್ತ ನಿಂತು "ನಾನ್ಯಾರು ಹೇಳು ನೋಡೋಣ?" ಎಂದು ಪರೀಕ್ಷೆ ಇಡುವುದನ್ನು ದಯವಿಟ್ಟು ನಿಲ್ಲಿಸಿ. "ನಾನು ನಿನ್ನ ಮಾವ, ಹಾಸನದಿಂದ ಬಂದಿದ್ದೀನಿ" ಎಂದು ತಾವೇ ಹೇಳಿದರೆ ಸಾಕು.

ಹೀಗೆ ಹೇಳಿಕೊಡುವ ಕ್ರಮ ಉಸಿರುಗಟ್ಟಿದವರಿಗೆ, ಹರ್ಪಿಸ್ ಆದವರಿಗೆ ಕಡ್ಡಾಯ. ಅವರ ಹಿಪೊಕ್ಯಾಂಪಸ್ ಕೆಟ್ಟಿರುವುದರಿಂದ ತಪ್ಪು ಉತ್ತರ ಊಹಿಸಿದರೆ ಆ ತಪ್ಪೇ ಅಚ್ಚೊತ್ತುತ್ತದೆ, ತಪ್ಪಿತ್ತು ಎಂಬುದು ನೆನಪಿರುವುದಿಲ್ಲ. "ಮಾತ್ರೆ ಎಲ್ಲಿದೆ?" ಎಂದು ಕೇಳುವ ಮೊದಲು "ಮಾತ್ರೆ ನೀಲಿ ಡಬ್ಬಿಯಲ್ಲಿದೆ" ಎಂದು ಹೇಳಿ. ಕೂಡಲೇ ಕೇಳಿ. ಆಮೇಲೆ 30 ಸೆಕೆಂಡು, ಒಂದು ನಿಮಿಷ, ಎರಡು, ನಾಲ್ಕು, ಎಂಟು ಹೀಗೆ ಅಂತರ ಹೆಚ್ಚಿಸಿ ಕೇಳಿ. ತಪ್ಪಿದರೆ ಉತ್ತರ ಹೇಳಿಕೊಟ್ಟು ಹಿಂದಿನ ಅಂತರಕ್ಕೆ ಇಳಿಯಿರಿ. ದಿನಕ್ಕೆ ಒಂದೇ ಸಂಗತಿ. ಅಪಘಾತದಲ್ಲಿ ಫ್ರಾಂಟಲ್ ಭಾಗ ಕೆಟ್ಟವರಿಗೆ ಇದರ ತದ್ವಿರುದ್ಧ: ತಮಗೇನೂ ಆಗಿಲ್ಲ ಎಂದೇ ಅವರು ನಂಬಿರುತ್ತಾರೆ. ಅಪಾಯವಿಲ್ಲದ ಕೆಲಸದಲ್ಲಿ, ಚಹಾ ಮಾಡುವುದೋ ಅಂಗಡಿಯ ಚಿಲ್ಲರೆ ಲೆಕ್ಕವೋ, ತಪ್ಪಲು ಬಿಟ್ಟು, ಮುಂಚೆ ಅವರು ಹೇಳಿದ್ದನ್ನೂ ಆಮೇಲೆ ಆದದ್ದನ್ನೂ ಪಕ್ಕಪಕ್ಕ ಇಟ್ಟು ತೋರಿಸಬೇಕು.

ಸುಧಾರಿಸುತ್ತಿದ್ದವರು ನಿಂತುಬಿಟ್ಟರೆ

ಮೂರನೇ ತಿಂಗಳ ನಂತರ ಸುಧಾರಣೆ ನಿಂತರೆ, ಹಿಂದೆ ಹೋದರೆ, "ಇಷ್ಟೇ ಅವರ ಹಣೆಬರಹ" ಎನ್ನುವ ಮುನ್ನ ಕಾರಣ ಹುಡುಕಬೇಕು. ಪೆಟ್ಟು, ಉಬ್ಬು ಒಡೆದ ರಕ್ತಸ್ರಾವ, ಟಿಬಿ ಮೆನಿಂಜೈಟಿಸ್ ಈ ಮೂರರಲ್ಲೂ ಮೆದುಳಿನಲ್ಲಿ ನೀರು ತುಂಬಿಕೊಳ್ಳಬಹುದು. ನಡಿಗೆ ನೆಲಕ್ಕೆ ಅಂಟಿದಂತಾಗುವುದು, ಮೂತ್ರದ ಹಿಡಿತ ತಪ್ಪುವುದು, ಮಂಕು ಹೆಚ್ಚುವುದು ಅದರ ಗುರುತು. ಒಂದು ಸಿಟಿ ಮಾಡಿಸಿ, ಬೇಕಾದರೆ ಆ ನೀರು ಹರಿದುಹೋಗಲು ಶಂಟ್ ಎಂಬ ಕೊಳವೆ ಹಾಕಿದರೆ ಮತ್ತೆ ಮುಂದುವರಿಯುತ್ತಾರೆ. ಪೆಟ್ಟು ಮತ್ತು ಅದೇ ರಕ್ತಸ್ರಾವದ ನಂತರ ಪಿಟ್ಯುಟರಿ ಗ್ರಂಥಿ ಸೊರಗುವುದೂ ಇದೆ. ಸದಾ ಸುಸ್ತು, ಸೋಡಿಯಂ ಇಳಿಯುವುದು, ಮುಟ್ಟು ನಿಲ್ಲುವುದು ಕಂಡರೆ ಬೆಳಗಿನ ಕಾರ್ಟಿಸಾಲ್, ಥೈರಾಯ್ಡ್ ಪರೀಕ್ಷೆ ಕೇಳಿ.

ಮೆದುಳಿನ ಊತಕ್ಕೆ ಜಾಗ ಮಾಡಲು ತಲೆಬುರುಡೆಯ ಮೂಳೆ ತೆಗೆದು ಹೊಟ್ಟೆಯ ಚರ್ಮದ ಅಡಿಯಲ್ಲಿ ಇಟ್ಟಿರುವವರನ್ನು ನಾವು ಪ್ರತ್ಯೇಕವಾಗಿ ಗಮನಿಸುತ್ತೇವೆ. ಊತ ಇಳಿದಾಗ ಆ ಜಾಗದ ಚರ್ಮ ಒಳಗೆ ಕುಸಿಯುತ್ತದೆ. ಕೆಲವರಿಗೆ ಎದ್ದು ಕೂರಿಸಿದರೆ ತಲೆನೋವು, ಕೈ ಸೋಲುವುದು, ಮಾತು ತಡವರಿಸುವುದು, ಮಲಗಿಸಿದರೆ ಕಡಿಮೆ. ವಾತಾವರಣದ ಒತ್ತಡ ನೇರ ಮೆದುಳಿನ ಮೇಲೆ ಬೀಳುವುದೇ ಇದಕ್ಕೆ ಕಾರಣ, ಫಿಸಿಯೋ ಹೆಚ್ಚಿಸಿದರೆ ಹೋಗುವುದಿಲ್ಲ. ಮೂಳೆ ಮರಳಿ ಕೂರಿಸಿದ ಮೇಲೆ ಕೆಲವೇ ದಿನಗಳಲ್ಲಿ ಸುಧಾರಿಸುವುದನ್ನು ನೋಡಬಹುದು. ಸಾಮಾನ್ಯವಾಗಿ ಮೂರು ತಿಂಗಳ ಸುಮಾರಿಗೆ ಈ ಆಪರೇಷನ್ ಮಾಡುತ್ತಾರೆ. ಹಣ ಹೊಂದಿಸಲು ಒಂದು ವರ್ಷ ತಳ್ಳಿದರೆ ಹೊಟ್ಟೆಯೊಳಗಿನ ಮೂಳೆ ಸವೆಯುತ್ತದೆ. ಅಲ್ಲಿಯವರೆಗೆ ಎದ್ದಾಗೆಲ್ಲ ಹೆಲ್ಮೆಟ್, ಮಲಗುವಾಗ ಆ ಬದಿಗೆ ಒತ್ತು ಬೇಡ.

ಫಿಟ್ಸ್ ಮಾತ್ರೆಯನ್ನು ಪೆಟ್ಟಾದ ಮೊದಲ ಏಳು ದಿನ ಮುನ್ನೆಚ್ಚರಿಕೆಗೆ ಕೊಡುತ್ತಾರೆ. ಅದು ವರ್ಷದ ನಂತರ ಬರುವ ಫಿಟ್ಸನ್ನು ತಡೆಯುವುದಿಲ್ಲ. ಒಮ್ಮೆಯೂ ಫಿಟ್ಸ್ ಬರದವರು ವರ್ಷಗಟ್ಟಲೆ ಯಾಕೆ ನುಂಗುತ್ತಿದ್ದೇವೆ ಎಂದು ಕೇಳಬೇಕು, ಆದರೆ ತಾವಾಗಿ ಥಟ್ಟನೆ ನಿಲ್ಲಿಸಬಾರದು.

ಕಾಗದಪತ್ರ

ಡಿಸ್ಚಾರ್ಜ್ ಸಾರಾಂಶದಲ್ಲಿ ಒಂದೇ ಕಾರಣ ಬರೆದಿರುತ್ತಾರೆ. ನಿಜದಲ್ಲಿ ಎಷ್ಟೋ ಸಲ ಎರಡಿರುತ್ತವೆ. ಪೆಟ್ಟಾದವರ ರಕ್ತದೊತ್ತಡದ ಮೇಲಿನ ಅಂಕಿ ಒಮ್ಮೆ 90ಕ್ಕಿಂತ ಕೆಳಗಿಳಿದರೂ ಸಾವಿನ ಪ್ರಮಾಣ ದುಪ್ಪಟ್ಟಾಗುತ್ತದೆ ಎಂಬುದು 1993ರಿಂದಲೇ ಗೊತ್ತಿದೆ, ಏಕೆಂದರೆ ಪೆಟ್ಟಿನ ಮೇಲೆ ಉಸಿರುಗಟ್ಟಿದ ಹಾನಿಯೂ ಸೇರುತ್ತದೆ. ಹಾಗೆಯೇ ಬೈಕಿನಿಂದ ಬಿದ್ದದ್ದೇ ಸ್ಟ್ರೋಕ್ ಆದ್ದರಿಂದ ಇರಬಹುದು. ಆದ್ದರಿಂದ ಇವಿಷ್ಟೂ ಬರೆದುಕೊಡಿ ಎಂದು ಕೇಳಿ: ಮೊದಲ ಆಸ್ಪತ್ರೆಯಲ್ಲಿನ ಜಿಸಿಎಸ್ ಬಿಡಿ ಅಂಕಗಳು, ಅಲ್ಲಿನ ಬಿಪಿ ಮತ್ತು ಆಮ್ಲಜನಕದ ಮಟ್ಟ, ಎದೆ ಒತ್ತಿದ ನಿಮಿಷಗಳು, ಎಂಆರ್‌ಐ ವಿವರ, ನೆನಪು ನಿಲ್ಲದ ದಿನಗಳು.

ಅಪಘಾತವಾದರೆ ಆಸ್ಪತ್ರೆಯಲ್ಲಿ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣದ ದಾಖಲೆ), ಠಾಣೆಯಲ್ಲಿ ಎಫ್‌ಐಆರ್ ಇರಲೇಬೇಕು. ಪರಿಹಾರದ ಅರ್ಜಿಯನ್ನು ಆರು ತಿಂಗಳೊಳಗೆ ಹಾಕುವುದು ಕ್ಷೇಮ. ಸ್ಟ್ರೋಕ್, ಸೋಂಕಿನವರಿಗೆ ಈ ದಾರಿಯಿಲ್ಲ, ಅವರಿಗಿರುವುದು 2016ರ ಕಾಯ್ದೆಯಡಿ ಸಿಗುವ ಅಂಗವಿಕಲರ ಯುಡಿಐಡಿ ಕಾರ್ಡ್. ಕಾಯ್ದೆಯ 21 ವಿಧಗಳಲ್ಲಿ 'ಮೆದುಳಿನ ಗಾಯ' ಎಂಬ ಪ್ರತ್ಯೇಕ ಹೆಸರಿಲ್ಲ. ನಡಿಗೆ, ಮಾತು, ದೃಷ್ಟಿ, ದೀರ್ಘಕಾಲದ ನರಸಮಸ್ಯೆ ಎಂದು ಅನ್ವಯಿಸುವ ಎಲ್ಲವನ್ನೂ ಸೇರಿಸಿ ಅಳೆಯುವಂತೆ ಕೇಳಿ, ಶೇ 40 ದಾಟಿದರೆ ಸೌಲಭ್ಯಗಳು ತೆರೆಯುತ್ತವೆ. ಕೈಕಾಲು ನೆಟ್ಟಗಿದ್ದು ನೆನಪು–ಸಂಯಮ ಕಳೆದುಕೊಂಡ ಅಪಘಾತದವರಿಗೆ ಇಲ್ಲಿ ತುಂಬ ಅನ್ಯಾಯವಾಗುತ್ತದೆ. ಮೇಜಿನ ಆಚೆ ಕೂತವರಿಗೆ ನಡೆದುಬಂದ ಆರೋಗ್ಯವಂತ ಯುವಕ ಕಾಣುತ್ತಾನೆ. ಇಂಥ ರೋಗಿಗಳು ಮೊದಲೇ ನೆನಪು, ಗಮನ, ಯೋಚನೆ ಅಳೆಯುವ ನ್ಯೂರೋಸೈಕಾಲಜಿ ಪರೀಕ್ಷೆ ಮಾಡಿಸಿಕೊಂಡು ಹೋಗಬೇಕು. ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಸರಣಿಯಲ್ಲಿ ಓದುಬರಹ ಬಾರದವರಿಗೂ ಪ್ರತ್ಯೇಕ ಮಾನದಂಡವಿದೆ. ಪೂರ್ಣ ಚಿತ್ರಕ್ಕೆ ಪೆಟ್ಟಾದ ಒಂದು ವರ್ಷದ ಹೊತ್ತಿಗೆ ಮಾಡಿಸಿದ ವರದಿ ಬೇಕು, ಆರು ತಿಂಗಳದ್ದು ಅರ್ಜಿಗೆ ಸಾಕು. ವರದಿಯ ಜೊತೆಗೆ ಕೆಲಸದ ಜಾಗದಿಂದ ಒಂದು ಪತ್ರ ಇರಲಿ: ಮೊದಲು ಏನು ಮಾಡುತ್ತಿದ್ದರು, ಮರಳಿದ ಮೇಲೆ ಯಾವ ಕೆಲಸ ಎಷ್ಟು ಹೊತ್ತು ಮಾಡಲಾಯಿತು, ಎಲ್ಲಿ ತಪ್ಪಿತು ಎಂದು ದಿನಾಂಕ ಸಮೇತ.